ಇಪ್ಪತ್ತೈದನೇ ಮಗು

ಶಿಡ್ಲಘಟ್ಟದ ಆ ಉರ್ದು ಶಾಲೆಯ ಒಂದನೇ ಕ್ಲಾಸಿನಲ್ಲಿ ಇಪ್ಪತ್ತೈದು ಮಕ್ಕಳಿಲ್ಲದಿದ್ದರೆ ಸರ್ಕಾರದ ಅನುದಾನ ನಿಲ್ಲುತ್ತಿತ್ತು, ಅನುದಾನ ನಿಂತರೆ ಶಾಲೆಗೇ ಬೀಗ. ೨೦೦೬ರಲ್ಲಿ ಇದ್ದದ್ದು ಇಪ್ಪತ್ನಾಲ್ಕು. ಇನ್‌ಸ್ಪೆಕ್ಟರ್ ಬರುವ ದಿನ ಬೇರೆ ದಾರಿ ಕಾಣದೆ ಹೆಡ್‌ಮಾಸ್ಟರ್ ಉಮರ್ ಫಾರೂಕ್ ತನ್ನ ತಾಯಿ ಜೈತೂನ್ ಬಿಗೆ ಯೂನಿಫಾರಂ ತೊಡಿಸಿ, ರಿಜಿಸ್ಟರಿಗೆ ಹೆಸರು ಸೇರಿಸಿ, ಹಿಂದಿನ ಬೆಂಚಿನಲ್ಲಿ ಕೂರಿಸಿದ. ಮೂರೂವರೆ ಅಡಿಯ ಮುದುಕಿ. ಸ್ಕಾರ್ಫ್ ಕಟ್ಟಿದ ಮೇಲೆ ಹೆತ್ತ ಮಗನಿಗೇ ಗುರುತು ಸಿಗಲಿಲ್ಲ.

"ಹದಿಮೂರೇಳ್ಲ ಎಷ್ಟಮ್ಮ?" ಎಂದರು ಇನ್‌ಸ್ಪೆಕ್ಟರ್.

ನಲವತ್ತು ವರ್ಷ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗಿದ ಬಾಯಿ ಸುಮ್ಮನಿದ್ದೀತೇ? "ತೊಂಬತ್ತೊಂದು!"

"ಇಂಥಾ ಚುರುಕು ಮಗೂನ ಒಂದನೇ ಕ್ಲಾಸಲ್ಲಿ ಕೊಳೆ ಹಾಕಿದ್ದೀರಲ್ರೀ! ಈಗ್ಲೇ ಎರಡಕ್ಕೆ ಕಳ್ಸಿ," ಎಂದು ಅವರೇ ಒಂದನೇ ಕ್ಲಾಸಿನ ರಿಜಿಸ್ಟರಿನಿಂದ ಅವಳ ಹೆಸರು ಹೊಡೆದುಹಾಕಿದರು. ಮತ್ತೆ ಇಪ್ಪತ್ನಾಲ್ಕು.

ಫಾರೂಕ್ ಮೂಲೆಗೆ ಹೋಗಿ ಕಣ್ಣೊರೆಸಿಕೊಂಡ. ಮುದುಕಿ ಹತ್ತಿರ ಬಂದು ಪಿಸುಗುಟ್ಟಿದಳು: "ಅಳಬೇಡ ಬೇಟಾ, ಸಾಹೇಬ್ರಿಗೆ ಒಂದು ಚಾ ಕುಡ್ಸು. ಅಷ್ಟ್ರಲ್ಲಿ ನಿಮ್ಮಪ್ಪನ ಗಡ್ಡ ಬೋಳಿಸಿ ಕರ್ಕೊಂಡ್ ಬರ್ತೀನಿ."