ಇಪ್ಪತ್ತಾರು ಗೂಬೆರಾಣಿಯರು

ಸರಸ ಟೀಚರ್ ಆ ಮಾತನ್ನು ತುಳುವಿನಲ್ಲಿ ಹೇಳಿದ್ದು ಅನ್ನಪೂರ್ಣಳಿಗೆ ತಿಳಿಯಬಾರದೆಂದೇನೂ ಅಲ್ಲ. ನೆಲ ಒರೆಸುವವಳಿಗೆ ತಿಳಿಯಬಹುದೆಂದು ಅವರಿಗೆ ಹೊಳೆಯಲೇ ಇಲ್ಲ, ಅಷ್ಟೆ.

"ವಿಲನ್ ಏಳ್ ಯಾವು ರೇಮಂಡ್. ಶೆಡ್ಡ್‌ದ ಜೋಕುಲು ಏಳೇ ಅತ್ತಾ?"

ವಿಲನ್ ಏಳು ಸಾಕು, ಶೆಡ್ಡಿನ ಮಕ್ಕಳು ಏಳೇ ಜನ ಅಲ್ಲವೇ. ಬಾಗಲಕೋಟೆಯಿಂದ ಕಾಪುವಿಗೆ ಬಂದು ನಾಲ್ಕು ವರ್ಷವಾಗಿತ್ತು. ಅಷ್ಟು ತುಳು ಅನ್ನಪೂರ್ಣಳ ಕಿವಿಗೆ ಹತ್ತಿತ್ತು. ಕೈಯಲ್ಲಿದ್ದ ಒರೆಸುವ ಬಟ್ಟೆ ಅಲ್ಲೇ ನಿಂತಿತು. ಹೆದ್ದಾರಿ ಬದಿಯ ತಗಡಿನ ಶೆಡ್ಡುಗಳಿಂದ ಸರಸ ಟೀಚರ ಶಾಲೆಯ ಎರಡನೇ ಕ್ಲಾಸಿಗೆ ಹೋಗುವ ಏಳು ಮಕ್ಕಳಲ್ಲಿ ಅವಳ ಮಗಳು ನಾಗವೇಣಿಯೂ ಒಬ್ಬಳು.

ರೇಮಂಡನದು ಕಾಪು ಪೇಟೆಯ ಜೆರಾಕ್ಸ್ ಅಂಗಡಿ. ಎರಡು ವರ್ಷದ ಹಿಂದೆ, ಎರಡು ಸಾವಿರದ ನಾಲ್ಕರಲ್ಲಿ, ಇಂಟರ್‌ನೆಟ್ ಹಾಕಿಸಿದ ಮೇಲೆ ಸರಸ ಟೀಚರ್ ಪ್ರತಿ ಶುಕ್ರವಾರ ಬಂದು ಬಣ್ಣ ತುಂಬುವ ಚಿತ್ರಗಳನ್ನು ಹುಡುಕಿ ಪ್ರಿಂಟ್ ತೆಗೆಸುತ್ತಿದ್ದರು. ಎಲ್ಲ ಕಾಮಿಕ್ಸಿನ ಗೆರೆಚಿತ್ರಗಳು. ಚಿನ್ನದ ಹೆಲ್ಮೆಟ್ಟಿನ ಹೀರೋ, ಕಬ್ಬಿಣದ ದವಡೆಯ ದುಷ್ಟ, ಗೂಬೆಯ ಮುಖದ ರಾಣಿ. ಶನಿವಾರ ಮಕ್ಕಳು ಅವಕ್ಕೆ ಬಣ್ಣ ಹಚ್ಚಿ, ಕತ್ತರಿಸಿ, ರಟ್ಟಿಗೆ ಅಂಟಿಸಿ ನಿಲ್ಲಿಸುವ ಗೊಂಬೆ ಮಾಡುತ್ತಿದ್ದರು. ಗುಡಿಸಲು, ಒರೆಸಲು ಸೇರಿಕೊಂಡಿದ್ದ ಅನ್ನಪೂರ್ಣ ಏಳನೆಯವರೆಗೆ ಓದಿದವಳೆಂದು ಗೊತ್ತಾದ ಮೇಲೆ ರೇಮಂಡ್ ಅವಳಿಗೆ ಜೆರಾಕ್ಸ್ ಮಶಿನು ನಡೆಸುವುದನ್ನೂ ಕಲಿಸಿದ್ದ. ಮಗಳ ಕೈಗೆ ಹೋಗುವ ಹಾಳೆಗಳನ್ನು ಹೀರೋಗಳನ್ನು ಬೇರೆ, ವಿಲನ್‌ಗಳನ್ನು ಬೇರೆ ಅವಳೇ ಎಣಿಸಿ ಕಟ್ಟಿಕೊಡುತ್ತಿದ್ದಳು. ಹತ್ತೊಂಬತ್ತು, ಏಳು. ಹತ್ತೊಂಬತ್ತು, ಏಳು. ಒಮ್ಮೆಯೂ ಅನುಮಾನ ಬಂದಿರಲಿಲ್ಲ.

ಸಂಜೆ ಶೆಡ್ಡಿಗೆ ಬಂದವಳು ತಗಡಿನ ಗೋಡೆ ನೋಡುತ್ತ ನಿಂತಳು. ವರ್ಷವಿಡೀ ನಾಗವೇಣಿ ಮನೆಗೆ ತಂದು ಅಂಟಿಸಿದ ಗೊಂಬೆಗಳು. ಹಲ್ಲು ಕಿರಿದವರು, ಉಗುರು ಚಾಚಿದವರು, ಹೊಗೆ ಉಗುಳುವವರು. ಹುಡುಕಿದರೂ ಒಬ್ಬ ಹೀರೋ ಇಲ್ಲ. ಗೂಬೆರಾಣಿಗೆ ಮಾತ್ರ ಹುಡುಗಿ ಇಳಕಲ್ ಸೀರೆ ಉಡಿಸಿದ್ದಳು, ಕೆಂಪು ಸೆರಗು ಸಮೇತ. ಅದು ಅನ್ನಪೂರ್ಣಳ ತಾಯಿ ಉಡುತ್ತಿದ್ದಂಥ ಸೀರೆ.

"ನಿಮಗ ಹೀರೋದ ಹಾಳಿ ಯಾಕ ಕೊಡೂದಿಲ್ಲವ್ವ?"

"ಅವು ಅವರವು," ಎಂದಳು ನಾಗವೇಣಿ, ಏನೂ ವಿಶೇಷವಿಲ್ಲ ಎಂಬಂತೆ. "ಇವು ನಮ್ಮವು."

ಆಮೇಲೆ ಚಾಪೆಯ ಮೇಲೆ ಎದ್ದು ನಿಂತು, ಎದೆ ಹಿಡಿದುಕೊಂಡು, ಮೂರು ಸುತ್ತು ತಿರುಗಿ, ದೊಪ್ಪನೆ ಬಿದ್ದು ಸತ್ತಳು. ಶಾಲಾ ವಾರ್ಷಿಕೋತ್ಸವಕ್ಕೆ ಮುಖವಾಡದ ನಾಟಕವಿತ್ತು. ಅದರಲ್ಲಿ ಅವಳೇ ಗೂಬೆರಾಣಿ. ಹತ್ತೊಂಬತ್ತು ಹೀರೋಗಳು ಏಳು ದುಷ್ಟರನ್ನು ಹೊಡೆದು ಕೆಡವಬೇಕು. ಮೂರು ವಾರದಿಂದ ಹುಡುಗಿ ದಿನಾ ಸಾಯುತ್ತಿದ್ದಳು, ಅನ್ನಪೂರ್ಣ ರೊಟ್ಟಿ ಬಡಿಯುತ್ತ ನಗುತ್ತಿದ್ದಳು. ಆವತ್ತು ಅವಳಿಗೆ ನಗು ಬರಲಿಲ್ಲ.

ಮರುದಿನ ಶಾಲೆಯ ಗೇಟಿನಲ್ಲೇ ಟೀಚರನ್ನು ತಡೆದಳು.

"ಟೀಚರ, ಯಾವಾಗ್ಲೂ ನಮ್ಮ ಹುಡುಗರಿಗೆ ರಾಕ್ಷಸರ ಚಿತ್ರ ಯಾಕ್ರಿ?"

ಸರಸ ಟೀಚರಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. "ಓ, ರೇಮಂಡನ ಅಂಗಡಿಯವಳಾ? ಎಂತ ಮಾರಾಯ್ತಿ, ಅದು ಆಟ. ಯಾರಾದರೂ ವಿಲನ್ ಆಗಬೇಕಲ್ವಾ?"

"ಒಂದ್ಸಲ ಅವರು ಆಗ್ಲಿ, ಒಂದ್ಸಲ ಇವರು ಆಗ್ಲಿ. ಏಳಕ್ಕ ಏಳೂ ಶೆಡ್ಡಿನವರ ಯಾಕ?"

"ನಿಮ್ಮ ಮಕ್ಕಳು ಜೋರು ಉಂಟು. ಸ್ಟೇಜಿನಲ್ಲಿ ಹೆದರುವುದಿಲ್ಲ. ಬೇರೆ ಮಕ್ಕಳ ತಂದೆತಾಯಿಗಳು ಒಪ್ಪುವುದಿಲ್ಲ, ಮನೆಗೆ ಫೋನ್ ಮಾಡಿ ಬೈಯುತ್ತಾರೆ."

"ನಾವು ಒಪ್ಪಿವೇನ್ರಿ?"

ಟೀಚರ್ ಛತ್ರಿ ಮಡಚಿದರು. ಮುಖ ಬಿಗಿಯಾಯಿತು. "ನೋಡು, ಫೀಸು ಇಲ್ಲ. ಪುಸ್ತಕ ಕೊಟ್ಟಿದ್ದೇವೆ, ಮಧ್ಯಾಹ್ನ ಊಟ ಉಂಟು. ಇನ್ನೆಂತ ಬೇಕು ನಿಮಗೆ? ಬೇಡದಿದ್ದರೆ ಊರಿಗೆ ಕರೆದುಕೊಂಡು ಹೋಗಿ." ಹಾಗೆಂದು ಒಳಗೆ ನಡೆದುಬಿಟ್ಟರು.

ಗಂಡ ರಾಮಲಿಂಗ ಮಣಿಪಾಲದ ಒಂದು ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸದವನು. ಹೇಳಿದರೆ, "ಆ ಟೀಚರ್ ಕೂಡ ಜಗಳಕ್ಕ ಬೀಳಬ್ಯಾಡ, ಹುಡುಗೀನ ಹೊರಗ ಹಾಕ್ಯಾರು," ಎಂದ. ಅನ್ನಪೂರ್ಣಳ ಸಿಟ್ಟು ಇಳಿಯಲಿಲ್ಲ.

ವಾರ್ಷಿಕೋತ್ಸವದ ಹಿಂದಿನ ದಿನ ಮುಖವಾಡಗಳ ಆರ್ಡರು ಬಂತು. ದಪ್ಪ ಹಾಳೆಯಲ್ಲಿ ಹೀರೋ ಹತ್ತೊಂಬತ್ತು, ಕಬ್ಬಿಣ ದವಡೆ ಆರು, ಗೂಬೆರಾಣಿ ಒಂದು. ಕಣ್ಣಿನ ತೂತು ಕತ್ತರಿಸಿ, ರಬ್ಬರ್ ದಾರ ಕಟ್ಟಿ, ಬೆಳಿಗ್ಗೆ ಶಾಲೆಯ ಜವಾನ ಬರುವಷ್ಟರಲ್ಲಿ ಪೊಟ್ಟಣ ಮಾಡಿಡಬೇಕು. ರೇಮಂಡ್ ಮೂಲ ಪ್ರತಿಗಳನ್ನು ತೆಗೆದಿಟ್ಟು ಟೋನರ್ ತರಲು ಉಡುಪಿಗೆ ಹೋದ.

ಅನ್ನಪೂರ್ಣ ಹೀರೋನ ಹಾಳೆಯನ್ನು ನಾಲ್ಕಾಗಿ ಮಡಚಿ ಕುಪ್ಪಸದೊಳಗೆ ಸೇರಿಸಿಕೊಂಡಳು. ಗೂಬೆರಾಣಿಯನ್ನು ಗಾಜಿನ ಮೇಲೆ ಬೋರಲು ಮಲಗಿಸಿ, ಎರಡು ಒತ್ತಿ, ಆರು ಒತ್ತಿ, ಹಸಿರು ಗುಂಡಿ ಅದುಮಿದಳು. ಬೆಳಕು ಆಚೀಚೆ ಹರಿಯಿತು. ಒಂದರ ಮೇಲೊಂದು ರಾಣಿಯರು ಬಂದು ಬಿದ್ದರು. ಒಂದೊಂದನ್ನೂ ಗೆರೆ ತಪ್ಪದಂತೆ ಕತ್ತರಿಸಿದಳು. ಆಗಲಿ, ಎಲ್ಲರೂ ಆಗಲಿ. ನನ್ನ ಮಗಳು ಒಬ್ಬಳೇ ಯಾಕೆ ಸಾಯಬೇಕು.

ಮರುದಿನ ಶಾಲೆಯ ಅಂಗಳದಲ್ಲಿ ಪೊಟ್ಟಣ ಬಿಚ್ಚಿದ್ದು ನಾಟಕಕ್ಕೆ ಹತ್ತು ನಿಮಿಷವಿರುವಾಗ. ಹಿಂದಿನ ಸಾಲಿನಲ್ಲಿ ನಿಂತಿದ್ದ ಅನ್ನಪೂರ್ಣಳಿಗೆ ಪರದೆಯ ಹಿಂದಿನ ಕೂಗಾಟ ಕೇಳಿತು. "ಎಂತ ಇದು? ಹೀರೋ ಎಲ್ಲುಂಟು?" ಅತಿಥಿಗಳು ಕುಳಿತಾಗಿತ್ತು. ಬೇರೆ ದಾರಿ ಕಾಣದೆ ಟೀಚರ್ ಎಲ್ಲರಿಗೂ ಅದನ್ನೇ ಕಟ್ಟಿಸಿ ವೇದಿಕೆಗೆ ಅಟ್ಟಿದರು.

ಪರದೆ ಸರಿದಾಗ ಇಪ್ಪತ್ತಾರು ಗೂಬೆರಾಣಿಯರು ಮಿಕಮಿಕ ನೋಡುತ್ತ ನಿಂತಿದ್ದರು. ಯಾರು ಯಾರಿಗೆ ಹೊಡೆಯಬೇಕೆಂದು ಯಾರಿಗೂ ತಿಳಿಯಲಿಲ್ಲ. ಒಬ್ಬ ಸಿಕ್ಕಿದವನಿಗೆ ಗುದ್ದಿದ, ಅವನು ತಿರುಗಿ ಗುದ್ದಿದ. ಸ್ವಲ್ಪದರಲ್ಲೇ ನಿಜವಾದ ಹೊಡೆದಾಟ. ರಬ್ಬರ್ ದಾರಗಳು ಹರಿದವು, ಒಂದು ಮಗುವಿನ ಮೂಗಿನಲ್ಲಿ ರಕ್ತ ಬಂತು, ಪೇಟೆಯ ತಾಯಂದಿರು ವೇದಿಕೆಗೆ ನುಗ್ಗಿದರು. ಆ ಗದ್ದಲದ ನಡುವೆ ಒಂದು ಪುಟ್ಟ ರಾಣಿ ಎದೆ ಹಿಡಿದುಕೊಂಡು ಮೂರು ಸುತ್ತು ತಿರುಗಿ ಬಿದ್ದಳು. ಯಾರೂ ನೋಡಲಿಲ್ಲ. ಒಬ್ಬರು ಅವಳನ್ನು ದಾಟಿಕೊಂಡೇ ತಮ್ಮ ಮಗನ ಹತ್ತಿರ ಓಡಿದರು. ಪರದೆ ಎಳೆದುಬಿಟ್ಟರು.

ಅನ್ನಪೂರ್ಣಳಿಗೆ ಮೊದಲು ಉಕ್ಕಿದ ಸಂತೋಷ ಮಗಳು ಬಿದ್ದದ್ದನ್ನು ನೋಡಿದ ಕ್ಷಣಕ್ಕೇ ಇಳಿದುಹೋಯಿತು.

ಮಾರನೇ ದಿನ ಅಂಗಡಿಯಲ್ಲಿ ಸರಸ ಟೀಚರ್ ಮೊದಲೇ ಬಂದು ನಿಂತಿದ್ದರು. ರೇಮಂಡ್ ಕೇಳಿದ: "ನೀನು ಬೇಕಂತಲೇ ಮಾಡಿದ್ದಾ?"

"ಹೌದ್ರಿ."

"ನೋಡಿ ಅಹಂಕಾರ!" ಎಂದರು ಟೀಚರ್. "ಕ್ಷಮೆಯಾದರೂ ಕೇಳು. ಒಂದು ಮಗುವಿಗೆ ಪೆಟ್ಟಾಗಿದೆ, ಗೊತ್ತುಂಟಾ?"

"ಆ ಮಗೂಗ ಕೇಳ್ತೀನ್ರಿ, ಮನಿಗೆ ಹೋಗಿ ಕೇಳ್ತೀನಿ. ನಿಮಗ ಕೇಳೂದಿಲ್ಲ. ಹತ್ತೊಂಬತ್ತು ಮಂದಿ ಸೇರಿ ಏಳು ಮಂದೀನ ಬಡಿಯೂದು ನೀವ ಕಲಿಸಿದ್ರಿ."

ಟೀಚರ್ ಹೋದ ಮೇಲೆ ರೇಮಂಡ್ ಅವಳ ಕಡೆ ತಿರುಗಿದ. "ನಿನ್ನ ಸಿಟ್ಟು ಸರಿಯೇ ಇರಬಹುದು. ಆದರೆ ನನ್ನ ಮಶಿನಿನಲ್ಲಿ ಅದನ್ನು ತೆಗೆಯಬಾರದಿತ್ತು. ನಾಳೆಯಿಂದ ಬರಬೇಡ," ಎಂದ. ಅವಳು ಬಕೆಟ್ಟನ್ನು ಮೂಲೆಗಿಟ್ಟು ಹೊರಟಳು.

ನಾಗವೇಣಿ ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಮೂರನೇ ದಿನ ಅನ್ನಪೂರ್ಣ ತಲೆ ಬಾಚುವಾಗ ಬೆನ್ನು ತಿರುಗಿಸಿ ಕುಳಿತಿದ್ದ ಹುಡುಗಿ ಹೇಳಿದಳು:

"ನಾ ಚಲೋ ಸಾಯ್ತಿದ್ದೆ. ಎಲ್ಲಾರೂ ನನ್ನ ನೋಡ್ತಿದ್ರು. ನಾ ಒಬ್ಬಾಕಿನ ರಾಣಿ ಆಗಾಕಿ ಇದ್ದೆ, ನೀ ಎಲ್ಲಾರ್ನೂ ಮಾಡಿದಿ."

"ಅವರು ನಿನ್ನ ಹೊಡಿಯೂದು ನಾ ನೋಡ್ಕೋತ ಕೂಡಬೇಕಿತ್ತೇನ?"

"ಹೊಡಿಯೂದು ಸುಳ್ಳಿತ್ತು. ರಾಣಿ ಖರೇನ ಇತ್ತು."

ಅನ್ನಪೂರ್ಣಳಿಗೆ ರೇಗಿತು. ಜಡೆಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದಳು. ಹುಡುಗಿ ಚೀರಲಿಲ್ಲ.

ಆ ಶನಿವಾರದಿಂದ ಶಾಲೆಯಲ್ಲಿ ಪ್ರಿಂಟಿನ ಹಾಳೆಗಳು ನಿಂತವು. ಎಲ್ಲರೂ ಸ್ಲೇಟಿನ ಮೇಲೆ ಕಮಲ ಬರೆಯಬೇಕೆಂದು ಟೀಚರ್ ಹೇಳಿದರು. ಅನ್ನಪೂರ್ಣ ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿದಳು. ಇನ್ನೊಮ್ಮೆ ಅಂಥ ದಿನ ಬಂದರೂ ಅದನ್ನೇ ಮಾಡುತ್ತೇನೆಂದು ರಾಮಲಿಂಗನಿಗೆ ಹೇಳಿದಳು, ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಮಗಳಿಗೆ ಮೊದಲು ಒಂದು ಮಾತು ಕೇಳಬೇಕಿತ್ತು ಎಂಬುದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗೆ ತಾಯಿ ಮಗಳಿಬ್ಬರೂ ಒಂದೇ ದಾರಿ ಹಿಡಿಯುತ್ತಿದ್ದರು. ನಾಗವೇಣಿ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು, ಲಾರಿ ಬಂದಾಗಲೂ ಕೈ ಕೊಡುತ್ತಿರಲಿಲ್ಲ.