ಪೆಟ್ಟಿಗೆಯ ಸುತ್ತ ನೀರು

“ಲೇ ಮುಂಡೆ, ಕಂಡೋರ ಕೊಡಕ್ಕೆಲ್ಲ ಹಿಡೀತಿದೀಯಲ್ಲ, ನಿಮ್ಮಪ್ಪನ ನೀರೇನೇ ಇದು? ಪೆಟ್ಟಿಗೆ ಸುತ್ತ ಹೊಡಿ. ಸಾಹೇಬ್ರು ಬರೋ ಹೊತ್ತಾಯ್ತು.”

ಮೇಸ್ತ್ರಿ ಬೈದರೂ ಪೈಪಕ್ಕ ಓಣಿಯವರ ಕೊಡಗಳಿಗೆ ನೀರು ತುಂಬುತ್ತಲೇ ಇದ್ದಳು. ಬಂದರಿನ ಗೋಡೆಗೆ ಅಂಟಿಕೊಂಡ ಆ ಓಣಿಯಲ್ಲಿ ಅವಳ ನಿಜವಾದ ಹೆಸರು ಯಾರಿಗೂ ನೆನಪಿಲ್ಲ. ಆರು ವರ್ಷ ಪೈಪು ಹಿಡಿದು ಹಿಡಿದು ಪೈಪಕ್ಕನೇ ಆಗಿಹೋಗಿದ್ದಳು. ಗೋಡೆಯಾಚೆ ಕಲ್ಲಿದ್ದಲ ಗುಡ್ಡ. ಈಚೆ, ಕಂಬದ ಮೇಲೆ, ಗಾಳಿಯ ಧೂಳು ಅಳೆಯುವ ಪೆಟ್ಟಿಗೆ. ಅದರ ಸುತ್ತ ಹತ್ತು ಮಾರು ನೆಲವನ್ನು ಒದ್ದೆಯಾಗಿಡುವುದೇ ಅವಳ ಕೆಲಸ. ಓಣಿಯ ನಲ್ಲಿಗೆ ಮೂರು ದಿನಕ್ಕೊಮ್ಮೆ ನೀರು, ಪೆಟ್ಟಿಗೆಗೆ ದಿನವಿಡೀ ಸ್ನಾನ. ಧೂಳು ಏಳದಿದ್ದರೆ ಒಳ್ಳೆಯದೇ ಅಲ್ಲವೇ ಅಂದುಕೊಂಡಿದ್ದಳು, ಪಾಪ.

ನಿನ್ನೆ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದರಿನ ಕಚೇರಿಗೆ ಹೋಗಿದ್ದಳು. ಮಗುವಿಗೆ ಮೂರು ವರ್ಷ. ಉಸಿರೆಳೆದರೆ ಪಕ್ಕೆಲುಬು ಎಣಿಸಬಹುದು. ಗುಡ್ಡಕ್ಕೆ ಟಾರ್ಪಾಲಾದರೂ ಹೊದಿಸಿ ಎಂದು ಓಣಿಯವರೆಲ್ಲ ಹೆಬ್ಬೆಟ್ಟು ಒತ್ತಿದ ಅರ್ಜಿ ಕೈಯಲ್ಲಿತ್ತು. ಗುಮಾಸ್ತ ಅದನ್ನು ಓದಲೂ ಇಲ್ಲ. ಪೆಟ್ಟಿಗೆಯ ಅಂಕಿಗಳ ಹಾಳೆ ತೋರಿಸಿ, ನಿಮ್ಮ ಓಣಿಯ ಗಾಳಿ ಆರು ವರ್ಷದಿಂದ ಚೊಕ್ಕವಾಗಿದೆ, ಮಗುವನ್ನು ಒಲೆಯ ಹೊಗೆಯಲ್ಲಿ ಮಲಗಿಸಬೇಡ ಎಂದು ಬುದ್ಧಿ ಹೇಳಿ ಕಳಿಸಿದ. ಆ ಹಾಳೆ ಬರೆದದ್ದು ತಾನು ಹಾಕಿದ ನೀರು! ಮೊಮ್ಮಗಳ ಕತ್ತನ್ನು ತಾನೇ ಕೈಯಾರೆ ಹಿಸುಕಿದಂತಾಯಿತು ಅವಳಿಗೆ. ಪೈಪು ಬಿಟ್ಟರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಬಂದರಿನವರು ಕೊಟ್ಟ ಕೋಣೆಯೂ ಹೋಗುತ್ತದೆ. ಎಲ್ಲಿಗೆ ಹೋಗುವುದು?

ಇವತ್ತು ಬೆಳಗಿನಿಂದ ಪೆಟ್ಟಿಗೆಯ ಕಡೆ ಒಂದು ಹನಿಯೂ ಬಿದ್ದಿರಲಿಲ್ಲ. ನೆಲ ಒಣಗಿ, ಕಲ್ಲಿದ್ದಲ ಧೂಳು ಕೂತು ಕರ್ರಗಾಗಿತ್ತು.

ಜೀಪು ಬಂದು ನಿಂತಿತು. ತಪಾಸಣೆಯ ಅಧಿಕಾರಿ ಇಳಿಯದೆ, ಕಿಟಕಿಯಿಂದಲೇ ಅಂಕಿ ಬರೆದುಕೊಳ್ಳಲು ಪೆನ್ನು ತೆಗೆದ. ಮೇಸ್ತ್ರಿ ಪೈಪು ಕಿತ್ತುಕೊಳ್ಳಲು ನುಗ್ಗಿದ. ಪೈಪಕ್ಕ ಅದನ್ನು ಎರಡಾಗಿ ಮಡಚಿ ಮೇಲೆ ಕೂತುಬಿಟ್ಟಳು. ಬೋಳಿ, ರಂಡೆ ಎನ್ನುತ್ತ ಅವನು ತುರುಬು ಹಿಡಿದು ಎಳೆದರೂ ಏಳಲಿಲ್ಲ. ಕಲ್ಲಿದ್ದಲ ಲಾರಿಗಳು ಒಂದರ ಹಿಂದೊಂದು ಹಾದುಹೋದವು. ಧೂಳು ಎದ್ದಿತು.

“ಈಗ ಬರ್ಕೊಳ್ಳಿ ಸ್ವಾಮಿ,” ಎಂದಳು. “ಇಷ್ಟು ದಿನ ನಾನು ತೊಳ್ದು ಕೊಟ್ಟಿದ್ದು ಬರ್ಕೊಂಡ್ರಿ. ಇವತ್ತು ನನ್ನ ಮೊಮ್ಮಗಳು ಉಸಿರಾಡೋದನ್ನ ಬರ್ಕೊಳ್ಳಿ.”

ಪೆಟ್ಟಿಗೆಯ ಮೇಲೆ ಅಂಕಿ ಏರುತ್ತಲೇ ಇತ್ತು. ಅಧಿಕಾರಿ ಅದನ್ನು ನೋಡಿದ, ಅವಳನ್ನು ನೋಡಿದ. ಎರಡು ಸಲ ಕೆಮ್ಮಿ, ಪೆನ್ನು ಜೇಬಿಗಿಟ್ಟು, ಕಿಟಕಿಯ ಗಾಜು ಏರಿಸಿಕೊಂಡ.