ಮೂವತ್ತು ಮೊಳದ ಕಂಪ್ಯೂಟರ್

ಕರ್ನಾಟಕಕ್ಕೆ ತಾಗಿದ ತೆಲಂಗಾಣದ ಸೀಮೆಯಲ್ಲಿ, ದಾಮರಗಿದ್ದದ ಆಚೆ, ಕೆಂಪು ಮಸಬು ನೆಲದ ನಡುವೆ ಇರುವ ಗೊರ್ರೆಬಂಡದಲ್ಲಿ ಮಳೆ ಬಂದರೆ ತಡೆಯುವ ಮಾಳಿಗೆಗಳು ಎರಡೇ. ಒಂದು ಶಾಲೆಯದು, ಅದೂ ಒಂದು ಮೂಲೆಯಲ್ಲಿ ತೊಟ್ಟಿಕ್ಕುತ್ತದೆ. ಇನ್ನೊಂದು ಕಂಬಳಿ ನೇಯುವವರ ಸೊಸೈಟಿಯ ಖೋಲಿ. ಮೂವತ್ತು ಮೊಳ ಉದ್ದ, ಕಾಂಕ್ರೀಟಿನ ಮಾಳಿಗೆ, ಗಿಲಾಯಿ ಮಾಡಿದ ಗೋಡೆ. ಅದರೊಳಗೆ ಒಂದು ಮೇಜು, ಮೇಜಿನ ಮೇಲೆ ಒಂದು ಕಂಪ್ಯೂಟರ್, ಕಂಪ್ಯೂಟರಿನ ಮೇಲೆ ಗುಲಾಬಿ ಬಣ್ಣದ ಜರಿ ಬಟ್ಟೆ. ಉಳಿದದ್ದೆಲ್ಲ ಬರಿ ನೆಲ. ಇಷ್ಟು ಸಣ್ಣ ಪೆಟ್ಟಿಗೆಗೆ ಇಷ್ಟುದ್ದದ ಮನೆ ಯಾಕೆ ಎಂದು ಹೊಸಬರು ಯಾರಾದರೂ ಕೇಳಿದರೆ ಊರ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಅಧ್ಯಕ್ಷನ ಮನೆಯ ಕಡೆಗೆ ಕೈ ತೋರಿಸುತ್ತಿದ್ದರು.

ಅಧ್ಯಕ್ಷನೆಂದರೆ ಬೀರಲಿಂಗಪ್ಪ. ಸೊಸೈಟಿ ಹುಟ್ಟಿದಾಗಿನಿಂದ ಅವನೇ ಅಧ್ಯಕ್ಷ. ಅವನೆದುರು ಯಾರೂ ಚುನಾವಣೆಗೆ ನಿಂತಿರಲಿಲ್ಲ, ಯಾಕೆಂದರೆ ಬಿಳಿ ಅಂಗಿ ಹಾಕಿಕೊಂಡು ಓಡಾಡುವುದರ ಹೊರತು ಆ ಹುದ್ದೆಯಲ್ಲಿ ಬೇರೆ ಕೆಲಸವೇ ಇರಲಿಲ್ಲ. ಇನ್ನೂ ಆಂಧ್ರ, ತೆಲಂಗಾಣ ಒಂದಾಗಿದ್ದ ಕಾಲದಲ್ಲಿ, ಹೈದರಾಬಾದಿನ ಯಾವುದೋ ಯೋಜನೆಯವರು ಹಳ್ಳಿಯ ಸೊಸೈಟಿಗಳಿಗೆ ಕಂಪ್ಯೂಟರ್ ಕೊಡುತ್ತೇವೆ, ಖೋಲಿ ನೀವು ಕಟ್ಟಿಕೊಳ್ಳಿ ಎಂದರು. ತರಬೇತಿಗೆ ಬೀರಲಿಂಗಪ್ಪ ಹೋದ. ಅಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಕಂಪ್ಯೂಟರಿನ ಇತಿಹಾಸ ಹೇಳುತ್ತಿದ್ದರು. ಗೋಡೆಯ ಮೇಲೆ ಒಂದು ಚಿತ್ರ ಮೂಡಿತು: ಅಮೆರಿಕದಲ್ಲಿ ದೊಡ್ಡ ಯುದ್ಧದ ಕಾಲಕ್ಕೆ ಕಟ್ಟಲು ಶುರುಮಾಡಿದ ಯಂತ್ರ, ದೊಡ್ಡದೊಂದು ಕೋಣೆಯ ಗೋಡೆಗಳನ್ನೆಲ್ಲ ಅದೇ ತುಂಬಿಕೊಂಡಿದೆ, ಅದರ ಮುಂದೆ ಇಬ್ಬರು ಹೆಂಗಸರು ನಿಂತು ಉದ್ದುದ್ದನೆಯ ವೈರುಗಳನ್ನು ಎಳೆದು ಚುಚ್ಚುತ್ತಿದ್ದಾರೆ. ಅದರ ಹೊಟ್ಟೆಯಲ್ಲಿ ಹದಿನೆಂಟು ಸಾವಿರ ಗಾಜಿನ ವಾಲ್ವುಗಳಿದ್ದವು ಎಂದಾಗ ಬೀರಲಿಂಗಪ್ಪ ಕಣ್ಣು ಬಿಟ್ಟುಕೊಂಡೇ ಇದ್ದ. ಆಮೇಲೆ ವಾಲ್ವು ಹೋಗಿ ಟ್ರಾನ್ಸಿಸ್ಟರ್ ಬಂತು, ಸಾವಿರಾರು ಟ್ರಾನ್ಸಿಸ್ಟರ್ ಸೇರಿ ಉಗುರಿನಷ್ಟು ಚಿಪ್ಪಿನೊಳಗೆ ಕೂತವು, ಮನೆಯಷ್ಟಿದ್ದದ್ದು ಕಡೆಗೆ ಮೇಜಿನ ಮೇಲೆ ಇಳಿಯಿತು ಎಂದು ಪಾಠದವರು ಹೇಳುವ ಹೊತ್ತಿಗೆ ಅವನಿಗೆ ಅನ್ನದ ಮಂಪರು ಏರಿ ಕಣ್ಣು ಮುಚ್ಚಿತ್ತು.

ಮೊದಲರ್ಧ ಇತಿಹಾಸವನ್ನಷ್ಟೇ ಹೊತ್ತುಕೊಂಡು ಅವನು ಊರಿಗೆ ಬಂದ. ಆ ಚಿತ್ರದ ಒಂದು ಪ್ರತಿಯನ್ನೂ ಬೇಡಿ ತಂದಿದ್ದ. ಗೌಂಡಿಯ ಮುಂದೆ ಅದನ್ನು ಹಿಡಿದು, "ಇಷ್ಟು ಉದ್ದ ಇರಬೇಕು ನೋಡು, ಒಂದು ಗೇಣು ಕಮ್ಮಿ ಆತಂದ್ರ ಮಷೀನು ಹೊರಗ ಉಳೀತೈತಿ" ಎಂದ. ಊರಿನ ಜನ ಕಲ್ಲು ಹೊತ್ತರು, ಉಸುಕು ಹೊತ್ತರು. ಮಷೀನು ಬರುವ ದಿನ ನಾರಾಯಣಪೇಟೆಗೆ ಎರಡು ಟ್ರ್ಯಾಕ್ಟರ್ ಕಳಿಸಿದ. ಒಂದು ಟ್ರ್ಯಾಕ್ಟರ್ ಖಾಲಿ ಬಂತು. ಇನ್ನೊಂದರಲ್ಲಿ ಎರಡು ರಟ್ಟಿನ ಡಬ್ಬಿಗಳು ಅತ್ತಿತ್ತ ಉರುಳಾಡುತ್ತ ಬಂದವು.

"ಉಳಿದದ್ದು ಯಾವಾಗ ಬರತೈತಪಾ?" ಎಂದು ಬೀರಲಿಂಗಪ್ಪ ಡ್ರೈವರನನ್ನು ಕೇಳಿದ.

"ಇಷ್ಟೇ ಅಂತ್ರೀ."

ಆ ಹೊತ್ತು ಅವನ ಮುಖ ನೋಡಿದವರು ಊರಲ್ಲಿ ಇನ್ನೂ ಇದ್ದಾರೆ. ಮಾತೇನೋ ಅವನಿಗೆ ಅಲ್ಲೇ ಹುಟ್ಟಿತು. "ಹೌದಪಾ, ಇಷ್ಟೇ. ಆದ್ರ ಇದು ಉಸಿರಾಡತೈತಿ. ಸುತ್ತ ಗಾಳಿ ಬೇಕಾಗತೈತಿ. ಅದಕ್ಕ ಕಟ್ಟಿಸೀನಿ ಇಷ್ಟು ದೊಡ್ಡ ಖೋಲಿ."

ಯೋಜನೆಯವರು ಒಮ್ಮೆ ಬಂದು ಅದನ್ನು ಹಚ್ಚಿ ತೋರಿಸಿದರು. ಕಪ್ಪು ಪರದೆಯ ಮೇಲೆ ಹಸಿರು ಗೆರೆಯೊಂದು ಕಣ್ಣು ಮಿಟುಕಿಸಿತು. ಬೀರಲಿಂಗಪ್ಪ ಕೈಮುಗಿದ. ಅವರು ಹೋದ ಮೇಲೆ ಖೋಲಿಗೆ ಕೀಲಿ ಬಿತ್ತು, ಕೀಲಿಕೈ ಅವನ ಉಡಿದಾರಕ್ಕೆ ಹೋಯಿತು. ದೂಳು ತಾಗಬಾರದು ಎಂದು ತರಬೇತಿಯಲ್ಲಿ ಹೇಳಿದ್ದರಿಂದ ಬಾಗಿಲಲ್ಲಿ ಚಪ್ಪಲಿ ಬಿಡಬೇಕಿತ್ತು. ದೂಳು ತಾಗಬಾರದ ಆ ಪೆಟ್ಟಿಗೆಗೆ ಬೀರಲಿಂಗಪ್ಪ ಪ್ರತಿ ದಸರೆಗೆ ತಾನೇ "ಏಳುಕೋಟಿ" ಎಂದು ಕೂಗಿ ಹಿಡಿಗಟ್ಟಲೆ ಭಂಡಾರ ಎರಚುತ್ತಿದ್ದ. ಊರ ಕುರುಬರು ತಮ್ಮ ದೇವರಾದ ಬೀರಪ್ಪನಿಗೂ ಮೈಲಾರನಿಗೂ ಎರಚುವ ಅದೇ ಅರಿಷಿಣದ ಪುಡಿ. ಫ್ಲಾಪಿ ಹಾಕುವ ಸೀಳು ಅವನ ಕಣ್ಣಿಗೆ ಬಾಯಿಯಂತೆ ಕಂಡದ್ದರಿಂದ ಅದರೊಳಗೂ ಬೆರಳು ತೂರಿಸಿ ಚಿಟಿಕೆ ಚಿಟಿಕೆ ತುಂಬುತ್ತಿದ್ದ.

ಇತಿಹಾಸದ ಉಳಿದರ್ಧವನ್ನು ಆಮೇಲೆ ಶಾಲೆಯ ಮೇಷ್ಟ್ರಿಂದ ಹೇಳಿಸಿ ಬಾಯಿಪಾಠ ಮಾಡಿಕೊಂಡ. ಬಾವುಟದ ದಿನ ಬಂತೆಂದರೆ ಸಾಕು, ವಾಲ್ವಿನಿಂದ ಚಿಪ್ಪಿನವರೆಗೆ ಒಂದು ತಾಸು ಭಾಷಣ. ಮಕ್ಕಳು ಪೆಪ್ಪರಮೆಂಟಿನ ಆಸೆಗೆ ಬಿಸಿಲಲ್ಲಿ ನಿಂತು ಕೇಳುತ್ತಿದ್ದರು. ಆ ಮಕ್ಕಳು ಬೆಳೆದು, ಮದುವೆಯಾಗಿ, ಮುಂಬಯಿ ಪುಣೆಗಳಿಗೆ ಕೂಲಿಗೆ ಹೋಗಿ, ಜೇಬಿನಲ್ಲಿ ಫೋನು ಇಟ್ಟುಕೊಂಡು ಬಂದರು. ಖೋಲಿ ಮಾತ್ರ ಹಾಗೇ ಇತ್ತು.

ತೆಲಂಗಾಣ ಬೇರೆ ರಾಜ್ಯವಾದ ವರ್ಷ ಬಾಲಮ್ಮ ಆ ಖೋಲಿಯ ಮೇಲೆ ಕಣ್ಣಿಟ್ಟಳು.

ಅವಳ ಮಗಳು ಭಾಗ್ಯಳ ಮದುವೆ ಶ್ರಾವಣಕ್ಕೆ ಗೊತ್ತಾಗಿತ್ತು. ಗಂಡಿನವರು ಗಟ್ಟು ಎಂಬ ಊರಿನ ಕಡೆಯವರು. ಹೆಣ್ಣಿನ ತಾಯಿ ತನ್ನ ಕೈಯಿಂದ ನೂತು ನೇಯ್ದ ಕರಿಕಂಬಳಿಯ ಮೇಲೆಯೇ ಅವರಲ್ಲಿ ಮದುಮಕ್ಕಳನ್ನು ಕೂರಿಸುವುದು. ಸಂತೆಯ ಕಂಬಳಿ ಹಾಸಿದರೆ ಬೀಗರು ಎದ್ದು ಹೋಗುತ್ತಾರೆ. ಅದೇ ಕಡೆಗೆ ಕೊಟ್ಟ ಹಿರಿಯ ಮಗಳ ಮದುವೆಯ ವರ್ಷ ಬಾಲಮ್ಮ ಅಂಗಳದಲ್ಲಿ ಹಾಸು ಎಳೆದಿದ್ದಳು. ಹಾಸೆಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆ. ಅದಕ್ಕೆ ಹುಣಸೆ ಬೀಜದ ಗಂಜಿ ಬಳಿದು ಬಿಗಿಯಾಗಿ ಎಳೆದು ಒಣಗಿಸಬೇಕು. ಗಂಜಿ ಹಸಿಯಿದ್ದಾಗಲೇ ಮಳೆ ಹೊಡೆಯಿತು. ಉಣ್ಣೆ ನಾರಿತು, ಹುಳ ಬಿತ್ತು. ಸಂತೆಯ ಕಂಬಳಿ ಹಾಸಬೇಕಾಯಿತು, ಬೀಗರು ಹಸೆಯಿಂದ ಎದ್ದರು. ಬಾಲಮ್ಮ ಅವರ ಕಾಲಿಗೆ ಬಿದ್ದು ಕೂರಿಸಿದ್ದಕ್ಕೆ ಆ ಮಗಳು ಗಂಡನ ಮನೆಯಲ್ಲಿ ಇಂದಿಗೂ ಕೊಂಕು ಮಾತು ಕೇಳುತ್ತಿದ್ದಾಳೆ. ಈ ಸಲ ಉಣ್ಣೆ ನೂತು ಮುಗಿದಿತ್ತು. ಗಂಡ ಬೀರಯ್ಯ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋದವನು ಇನ್ನೂ ಬಂದಿರಲಿಲ್ಲ. ಮೋಡ ಮಾತ್ರ ಬಂದಿತ್ತು.

"ಮಾವ, ಹಾಸು ಒಣಗೂ ತನಕ ಖೋಲಿ ಕೊಡ್ರಿ" ಎಂದು ಅವಳು ಬೀರಲಿಂಗಪ್ಪನ ಕಟ್ಟೆಗೆ ಹೋಗಿ ಕೇಳಿದಳು.

"ಗಂಜಿ ವಾಸನೀಗೆ ಮಷೀನು ಕೆಡತೈತವಾ."

"ಕೆಡಾಕ ಅದು ನಡದದ್ದು ಯಾವಾಗ್ರೀ?"

"ನಿನಗೇನು ತಿಳೀತೈತಿ? ಅದರ ಹಕೀಕತ್ ಗೊತ್ತೈತೇನು? ಮೊದಲಿಗೆ ಮನಿಯಷ್ಟಿತ್ತು, ಆಮೇಲೆ..."

"ಆಮೇಲೆ ಮೇಜಿನಷ್ಟಾತು, ಈಗ ಕಿಸೇದಾಗ ಬಂದೈತಿ. ಈ ಊರಿಗೆ ಸೊಸಿಯಾಗಿ ಬಂದಾಗಿಂದ ಕೇಳೀನ್ರಿ. ಮಷೀನು ಖೋಲಿ ಬಿಟ್ಟು ಎಂದೋ ಹೊಂಟು ಹೋಗೈತಿ ಅಂತ ನೀವ ಹೇಳ್ತೀರಿ. ಮತ್ತ ಖೋಲಿ ಯಾರಿಗೆ ಕಾಯಾಕತ್ತೀರಿ?"

ಬೀರಲಿಂಗಪ್ಪ ಎಲೆಯಡಿಕೆ ಉಗುಳಿ ಬಂದ. "ನೋಡವಾ, ಜೂನ್ ಎರಡಕ್ಕ ಹೊಸ ರಾಜ್ಯ ಬರತೈತಿ. ಅವತ್ತ ನಮ್ಮ ಕಂಪ್ಯೂಟರ್ ಚಾಲೂ ಮಾಡಸ್ತೀನಿ. ನಾರಾಯಣಪೇಟೆಯಿಂದ ಚಂದ್ರಕಾಂತ್ ಬರತಾನ. ಅದು ನಡೀಲಿಲ್ಲ ಅಂದ್ರ ಖೋಲಿ ನಿನಗ."

ಬೀರಲಿಂಗಪ್ಪನ ಬಾಯಿಂದ ಜಾರಿದ ಕೊನೆಯ ಆ ಮಾತನ್ನು ಬಾಲಮ್ಮ ಹೊತ್ತು ಮುಳುಗುವುದರೊಳಗೆ ಬಾವಿಯ ದಂಡೆಯಲ್ಲೆಲ್ಲ ಹಂಚಿದಳು.

ಜೂನ್ ಎರಡರಂದು ಖೋಲಿಗೆ ಗುಲಾಬಿ ಕಾಗದದ ತೋರಣ ಕಟ್ಟಿದ್ದರು. ಬಾವುಟ ಏರಿತು, "ಜೈ ತೆಲಂಗಾಣ" ಆಯಿತು, ವಾಲ್ವಿನಿಂದ ಚಿಪ್ಪಿನವರೆಗೆ ಭಾಷಣವೂ ಆಯಿತು. ಈ ಸಲ ಅದರ ಬಾಲಕ್ಕೆ ಹೊಸ ರಾಜ್ಯವೂ ಸೇರಿಕೊಂಡಿತ್ತು: ಹೇಗೆ ದೊಡ್ಡ ಮಷೀನು ಒಡೆದು ಸಣ್ಣದಾಯಿತೋ ಹಾಗೆಯೇ ದೊಡ್ಡ ರಾಜ್ಯ ಒಡೆದು ಸಣ್ಣದಾಗಿದೆ, ಆದ್ದರಿಂದ ಇನ್ನು ಚುರುಕಾಗುತ್ತದೆ. ಮೇಷ್ಟ್ರು ತಲೆ ಬಗ್ಗಿಸಿ ತಮ್ಮ ಕಾಲುಗುರು ನೋಡಿಕೊಂಡರು.

ಬಾಲಮ್ಮ ಮೊದಲ ಸಲ ಖೋಲಿಯ ಒಳಗೆ ಬಂದಿದ್ದಳು. ಗೋಡೆಗೆ ತೂಗುಹಾಕಿದ್ದ, ಕಟ್ಟು ಹಾಕಿಸಿದ ಆ ಹಳೆಯ ಚಿತ್ರದ ಮುಂದೆ ನಿಂತು ಬಿಟ್ಟಳು. "ಇವರು ಹಾಸು ಹಾಕಾಕತ್ತಾರಲ್ಲ!" ಎಂದಳು.

"ಹಾಸಲ್ಲವಾ, ಅದು ವೈರು. ಮಷೀನಿಗೆ ಲೆಕ್ಕ ಕಲಿಸಾಕತ್ತಾರ" ಎಂದ ಬೀರಲಿಂಗಪ್ಪ.

"ಏನರೆ ಇರಲಿ. ಅವರ ಖೋಲಿಯಾಗ ಹೆಂಗಸರಿಗೆ ಕೆಲಸ ಮಾಡಾಕ ಬಿಟ್ಟಾರ ನೋಡ್ರಿ."

ಚಂದ್ರಕಾಂತ್ ನಾರಾಯಣಪೇಟೆಯಲ್ಲಿ ಫೋನು, ಕಂಪ್ಯೂಟರ್ ರಿಪೇರಿ ಮಾಡುವವನು. ಈ ಊರಿನ ಅಳಿಯ. ಜರಿ ಬಟ್ಟೆ ಎತ್ತಿದವನೇ ನಗು ತಡೆದುಕೊಂಡ. ವೈರು ಸಿಕ್ಕಿಸಿ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ಬೀರಲಿಂಗಪ್ಪ "ಉಸಿರು ತಗೋತೈತಿ, ತಡೀರಿ" ಎಂದು ಜನರಿಗೆ ಕೈ ತೋರಿಸಿದ. ಚಂದ್ರಕಾಂತ್ ತಿರುಪು ಬಿಚ್ಚಿ ಮೇಲಿನ ತಗಡು ತೆಗೆದು ಪೆಟ್ಟಿಗೆಯನ್ನು ಒಂದು ಮಗ್ಗುಲಿಗೆ ಹೊರಳಿಸಿದ.

ಒಳಗೆಲ್ಲ ಬರೀ ಭಂಡಾರ. ಗಟ್ಟಿಯಾದ ಹೆಂಟೆಗಳು, ಮೆತ್ತನೆಯ ಪುಡಿ, ನಡುವೆ ಒಂದೆರಡು ಸತ್ತ ಜಿರಲೆ. ಮೇಜಿನಿಂದ ನೆಲಕ್ಕೆ ಸುರಿದು ಎದುರಿಗಿದ್ದವರ ಪಾದವೆಲ್ಲ ಹಳದಿಯಾಯಿತು.

"ಚಚ್ಚಿಪೋಯಿಂದಿ ಮಾವ" ಎಂದ ಚಂದ್ರಕಾಂತ್, ತೆಲುಗಿನಲ್ಲಿ ಹೇಳಿದರೆ ನೋವು ಕಡಿಮೆ ಎಂಬಂತೆ. ಆಮೇಲೆ ಕನ್ನಡದಲ್ಲೂ ಹೇಳಿದ: "ಸತ್ತೈತ್ರಿ. ಸತ್ತು ಭಾಳ ವರ್ಷ ಆಗೈತಿ. ಇದರೊಳಗ ಒಂದು ಪಾತೇಲಿ ಸಾರಿಗೆ ಆಗೂವಷ್ಟು ಅರಿಷಿಣ ಐತಿ."

ನಗು ಹಿಂದಿನಿಂದ ಶುರುವಾಗಿ ಮುಂದಕ್ಕೆ ಬಂತು. ಬಾಲಮ್ಮ ನಗಲಿಲ್ಲ. "ಕೀಲಿಕೈ ಕೊಡ್ರಿ ಮಾವ" ಎಂದು ಕೈ ಚಾಚಿದಳು.

ಬೀರಲಿಂಗಪ್ಪ ಆ ಕೈ ನೋಡಿದ, ನೆಲದ ಮೇಲಿನ ಹಳದಿ ನೋಡಿದ. ಇದ್ದಕ್ಕಿದ್ದಂತೆ ಎರಡೂ ಕೈ ಮೇಲೆತ್ತಿ "ಏಳುಕೋಟಿ!" ಎಂದು ಕಿರುಚಿ ಪೆಟ್ಟಿಗೆಯ ಮುಂದೆ ಅಡ್ಡಬಿದ್ದ. "ನಗತೀರೇನಲೇ! ಹೊಟ್ಟಿಯೊಳಗಿಂದ ಭಂಡಾರ ಬಂದೈತಿ! ದೇವರು ಬಂದು ಕುಂತಾನ! ಇನ್ನ ಈ ಖೋಲಿ ಖೋಲಿಯಲ್ಲ, ಗುಡಿ!"

ಅದನ್ನು ತುಂಬಿದವನು ಅವನೇ ಎಂಬುದು ಗೊತ್ತಿಲ್ಲದ ಕೂಸು ಆ ಊರಲ್ಲಿರಲಿಲ್ಲ. ಆದರೂ ನಗು ನಿಂತಿತು. ಕಾಲ ಮೇಲೆ ಬಿದ್ದದ್ದು ಭಂಡಾರ. ಭಂಡಾರದ ಮೇಲೆ ನಿಂತು ನಗುವ ಧೈರ್ಯ ಕುರುಬರಿಗೆಲ್ಲಿ ಬರಬೇಕು? ಒಬ್ಬೊಬ್ಬರೇ ಬಗ್ಗಿ ಚಿಟಿಕೆ ತೆಗೆದು ಹಣೆಗೆ ಹಚ್ಚಿಕೊಂಡರು. ಚಂದ್ರಕಾಂತ್ ಕೂಡ, ತಿರುಪುಳಿ ಎಡಗೈಗೆ ಬದಲಿಸಿ, ಹಚ್ಚಿಕೊಂಡ. ಬೀರಲಿಂಗಪ್ಪ ಅಡ್ಡಬಿದ್ದಲ್ಲಿಂದಲೇ ಒಂದು ಕಣ್ಣು ತೆರೆದು ಇದನ್ನೆಲ್ಲ ನೋಡಿದ.

ಬಾಲಮ್ಮನ ಕೈ ಗಾಳಿಯಲ್ಲೇ ಉಳಿದಿತ್ತು. ಅವಳು ಅದನ್ನು ಇಳಿಸಿ, ಬಗ್ಗಿ, ತಾನೂ ಚಿಟಿಕೆ ತೆಗೆದು ಹಣೆಗಿಟ್ಟಳು. ಆಮೇಲೆ ಹೆಗಲ ಮೇಲಿದ್ದ ಹಳೆಯ ಕಂಬಳಿ ತೆಗೆದು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿದಳು, ದೇವರಿಗೆ ಗದ್ದುಗೆ ಹಾಸುವ ಹಾಗೆ.

"ದೇವರು ಖರೇ, ಮಾವ" ಎಂದಳು. "ದೇವರನ್ನ ಮೇಜಿನ ಮ್ಯಾಲೆ ಕುಂದರಿಸಬಾರದು. ಎತ್ರಿ, ಗದ್ದುಗಿ ಮ್ಯಾಲೆ ಇಡ್ರಿ. ಬೀರಪ್ಪನ ಗುಡೀಗೆ ಹೊರೋಣ. ದೇವರು ಗುಡಿಯಾಗ ಇರಬೇಕು, ಸೊಸೈಟಿ ಖೋಲಿಯಾಗ ಯಾಕ?"

"ಇದ ಗುಡಿ ಅಂದೆನಲ್ಲ!" ಬೀರಲಿಂಗಪ್ಪ ಎದ್ದು ಕೂತ.

"ನೀವು ಅಂದ್ರ ಆತೇನು? ಪೂಜಾರಿ ಅನಬೇಕು."

ಪೂಜಾರಿ ಎಂಕಪ್ಪ ಗುಂಪಿನಲ್ಲೇ ಇದ್ದ. ಬೀರಪ್ಪನ ಗುಡಿಯ ತೆಂಗು, ಬಾಳೆ, ಕುರಿಯ ತಲೆ ಎಲ್ಲ ಅವನ ಮನೆಗೇ ಹೋಗುವುದು. ಊರಲ್ಲಿ ಎರಡನೆಯ ಗುಡಿಯೊಂದು ಹುಟ್ಟಿ, ಅದಕ್ಕೆ ಬೀರಲಿಂಗಪ್ಪ ಪೂಜಾರಿಯಾಗುವುದು ಎಂದರೇನೆಂದು ಅವನಿಗೆ ತಕ್ಷಣ ಹೊಳೆಯಿತು. "ಒಂದೂರಿಗೆ ಬೀರಪ್ಪ ಒಬ್ಬನ" ಎಂದು ಗುಡುಗಿದ. "ಎತ್ರಿ ಹೊರಗ!"

ಡೊಳ್ಳು ಹೇಗೂ ಬಾವುಟಕ್ಕೆಂದು ಬಂದಿತ್ತು. ಪರದೆ, ಪೆಟ್ಟಿಗೆ, ಅಕ್ಷರದ ಹಲಗೆ, ಎಲ್ಲವನ್ನೂ ಕಂಬಳಿಯಲ್ಲಿ ಕಟ್ಟಿ ನಾಲ್ವರು ಹೊತ್ತರು. ತನ್ನ ಬಾಯಿಂದಲೇ ದೇವರಾದ ಪೆಟ್ಟಿಗೆಯ ಹಿಂದೆ ಹಿಂದೆ ಬೀರಲಿಂಗಪ್ಪ ನಡೆದ. ಗುಡಿಗೆ ಬಂದ ಮೇಲೆ ಎಂಕಪ್ಪ ವೈರಿನ ಬಾಲವನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಒಳಗ ಬ್ಯಾಡ. ಬೀರಪ್ಪಗ ಕರೆಂಟಿನ ರೂಢಿ ಇಲ್ಲ" ಎಂದು ಹೊರಗಿನ ಬೇವಿನ ಕಟ್ಟೆಯ ಮೇಲೆ ಇಡಿಸಿದ.

ಅವರು ಹಿಂದಿರುಗುವ ಹೊತ್ತಿಗೆ ಖೋಲಿಯ ಕಸ ಗುಡಿಸಿಯಾಗಿತ್ತು. ಬಾಲಮ್ಮ, ಭಾಗ್ಯ, ಓಣಿಯ ಹೆಂಗಸರು ಸೇರಿ ಈ ಗೋಡೆಯಿಂದ ಆ ಗೋಡೆಗೆ ಹಾಸು ಎಳೆದಿದ್ದರು. ಹುಣಸೆ ಬೀಜದ ಗಂಜಿ ಒಲೆಯಿಂದ ಇಳಿದು ಬುಟ್ಟಿಯಷ್ಟಗಲದ ಬೋಗುಣಿಯಲ್ಲಿ ಹಬೆಯಾಡುತ್ತಿತ್ತು. ಕುಂಚದಿಂದ ಬಳಿಯುತ್ತ ಹೋದಂತೆ ಕರಿ ಎಳೆಗಳು ಬಿಗಿದು ಮಿನುಗಿದವು.

ಮಳೆ ಮೂರನೆಯ ದಿನ ಬಂತು. ಎದುರಿನ ಮನೆ ಕಾಣದಷ್ಟು ಜೋರು. ಬೇವಿನ ಕಟ್ಟೆಯ ಮೇಲಿನ ಪೆಟ್ಟಿಗೆಯಿಂದ ಹಳದಿ ನೀರು ಮೆಟ್ಟಿಲಿಳಿದು ಬೀದಿಗೆ ಹರಿಯಿತು. ಮಕ್ಕಳು ಅದರಲ್ಲಿ ಕಾಲಾಡಿಸಿದರು. ಸ್ವಲ್ಪ ಹೊತ್ತಿಗೆ ಬೀರಲಿಂಗಪ್ಪ ತೊಯ್ದ ಜರಿ ಬಟ್ಟೆ ತಲೆಗೆ ಹೊದ್ದು, ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗವಚಿಕೊಂಡು ಖೋಲಿಯ ಬಾಗಿಲಿಗೆ ಬಂದು ನಿಂತ.

"ಬಾಲಮ್ಮ, ಒಂದು ಮೂಲಿಯಾಗ ಇಡತೀನವಾ. ತೊಯ್ಯಾಕತ್ತೈತಿ."

"ದೇವರಿಗೆ ಮಳೆ ಏನು ಮಾಡತೈತ್ರಿ ಮಾವ?"

ಅವನು ಒಂದು ಕಾಲು ಹೊಸ್ತಿಲ ಒಳಗೆ ಇಟ್ಟ. ಬಾಲಮ್ಮ ಕುಂಚವನ್ನು ಅವನ ಕೆಸರಿನ ಪಾದದ ಕಡೆಗೆ ತೋರಿಸಿದಳು.

"ಚಪ್ಪಲಿ ಹೊರಗ ಬಿಡ್ರಿ. ಹಾಸಿನ ಎಳಿಗೆ ದೂಳು ತಾಗಬಾರದು."

ಬೀರಲಿಂಗಪ್ಪ ಪೆಟ್ಟಿಗೆ ಹಿಡಿದುಕೊಂಡೇ, ಒಂದು ಕಾಲಿನಿಂದ ಇನ್ನೊಂದು ಕಾಲಿನ ಚಪ್ಪಲಿ ಕಳಚಿದ. ಒಳಗೆ ಬಂದು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಮೂವತ್ತು ಮೊಳಕ್ಕೂ ಹಾಸು ಹಬ್ಬಿತ್ತು. ಹಾಸಿನ ಎರಡೂ ಮಗ್ಗುಲಿಗೆ ಹೆಂಗಸರು ಕೂತಿದ್ದರು. ಇಡಲು ಜಾಗವಿರಲಿಲ್ಲ. ಮಳೆ ನಿಲ್ಲುವ ತನಕ ಅವನು ಅದನ್ನು ಎತ್ತಿಕೊಂಡೇ ನಿಂತಿದ್ದ.